ಮಂಚ ಒಂದೇ, ಹೊದಿಕೆ ಎರಡು

ಮದುವೆಯಾಗಿ 11 ವರ್ಷದ ಮೇಲೆ ಮೊನ್ನೆ ನಮ್ಮ ಮನೇಲಿ ಹೊದಿಕೆ ಪಾಲಾಯಿತು. ಇವರಿಗೆ ಮಳೆಗಾಲದಲ್ಲೂ ಫ್ಯಾನ್ ಬೇಕು. ನನಗೋ, ಕಾಲ್ಬೆರಳು ಹೊರಗಿದ್ದರೂ ನಿದ್ದೆ ಹತ್ತಲ್ಲ. ರಾತ್ರಿ ಎರಡಕ್ಕೆ ಇವರು ಮಗ್ಗುಲು ಬದಲಿಸಿದರೆ ಡಬಲ್ ರಗ್ಗು ಪೂರಾ ಅತ್ತ, ನಾನು ನಡುಗುತ್ತಾ ಇತ್ತ.

ಈಗ ಇವರಿಗೆ ತೆಳ್ಳನೆ ಸೋಲಾಪುರ ಚಾದರ. ನನಗೆ ಅವ್ವ ಹೊಲಿದ ಕೌದಿ. ಅವಳ ಹಳೇ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಸರಿಯಾಗಿ ಗದ್ದಕ್ಕೆ ತಾಗುತ್ತೆ. (ಆ ತುಂಡು ಯಾರಿಗೂ ಕೊಡಲ್ಲ.) ಜರ್ಮನಿ, ಸ್ವೀಡನ್ ಕಡೆ ಗಂಡ ಹೆಂಡತಿ ಹೀಗೆ ಬೇರೆ ಬೇರೆ ಹೊದ್ದು ಮಲಗೋದು ತೀರಾ ಮಾಮೂಲು.

ಬೆಳಿಗ್ಗೆ ಮಡಚಿಟ್ಟ ಎರಡನ್ನೂ ನೋಡಿ ಅತ್ತೆ ಮೆಲ್ಲಗೆ, "ಯಾಕವಾ, ಮಾತಿಗೆ ಮಾತು ಬಂತೇನ?" ಅಂದ್ರು.

"ಇಲ್ರೀ ಅತ್ತಿ, ನಿದ್ದಿ ಬಂತ್ರಿ."