ಮೇಲ್ಮೈಯ ಬಾಗಿನಲ್ಲಿ ಅಡಗಿರುವ ಲೆಕ್ಕದ ಕಷ್ಟ

ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕವೇ ಚೌಕ ಮಾತೃಕೆ. ಅದರ ಡಿಟರ್ಮಿನೆಂಟನ್ನು, ಅಂದರೆ ಆ ಸಂಖ್ಯೆಗಳ ಕೆಲವು ಗುಣಲಬ್ಧಗಳನ್ನು ಕೂಡಿ ಕಳೆದು ಸಿಗುವ ಮೌಲ್ಯವನ್ನು, ಕಂಪ್ಯೂಟರ್ ಬೇಗನೆ ಲೆಕ್ಕ ಹಾಕುತ್ತದೆ. ಅದೇ ಸೂತ್ರದ ಋಣ ಚಿಹ್ನೆಗಳನ್ನೆಲ್ಲ ಧನವಾಗಿಸಿದರೆ ಸಿಗುವ ಪರ್ಮನೆಂಟಿಗೆ ಅಂಥ ವೇಗದ ವಿಧಾನ ಇದುವರೆಗೆ ಯಾರಿಗೂ ದೊರೆತಿಲ್ಲ. 2 ಸಾಲುಗಳ ಮಾತೃಕೆಯಲ್ಲಿ ಒಂದೇ ಚಿಹ್ನೆ ಬದಲಿಸಿದರೆ ಪರ್ಮನೆಂಟು ಡಿಟರ್ಮಿನೆಂಟೇ ಆಗಿಬಿಡುತ್ತದೆ, ಆದರೆ 3 ಸಾಲುಗಳ ಪರ್ಮನೆಂಟನ್ನು ಡಿಟರ್ಮಿನೆಂಟಾಗಿ ಬರೆಯಲು 7 ಸಾಲುಗಳ ಮಾತೃಕೆ ಬೇಕು. ಪರ್ಮನೆಂಟಿನ ಸಾಲುಗಳು ಹೆಚ್ಚಿದಂತೆ ಬೇಕಾಗುವ ಡಿಟರ್ಮಿನೆಂಟಿನ ಅಳತೆ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದು 1979ರಲ್ಲಿ ಲೆಸ್ಲಿ ವ್ಯಾಲಿಯಂಟ್ ಅವರ ಕೆಲಸದಿಂದ ಹುಟ್ಟಿದ ಪ್ರಶ್ನೆ. ಉತ್ತರವನ್ನು ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂಬಹುದೇ ಎಂದು ಕೇಳುವ ಪಿ ಮತ್ತು ಎನ್‌ಪಿ ಸಮಸ್ಯೆಯ ಬೀಜಗಣಿತ ರೂಪವೆಂದೇ ಇದನ್ನು ಪರಿಗಣಿಸುತ್ತಾರೆ.

ಇಲ್ಲಿಗೆ ಜ್ಯಾಮಿತಿ ಪ್ರವೇಶಿಸುವ ಬಗೆ ನನಗೆ ಅತ್ಯಂತ ಪ್ರಿಯವಾದದ್ದು. ಮಾತೃಕೆಯ ಸಂಖ್ಯೆಗಳ ಜಾಗದಲ್ಲಿ ಚರಾಕ್ಷರಗಳನ್ನಿಟ್ಟರೆ ಡಿಟರ್ಮಿನೆಂಟು, ಪರ್ಮನೆಂಟು ಎರಡೂ ಬಹುಪದಗಳೇ. ಬಹುಪದವೊಂದು ಸೊನ್ನೆಯಾಗುವ ಬಿಂದುಗಳೆಲ್ಲ ಸೇರಿ ಒಂದು ಮೇಲ್ಮೈಯಾಗುತ್ತವೆ. ‘ಮ’ ಸಾಲುಗಳ ಡಿಟರ್ಮಿನೆಂಟಿನ ಮೇಲ್ಮೈ ಯಾವ ಬಿಂದುವಿನಲ್ಲೂ ಹೆಚ್ಚೆಂದರೆ ‘ಮ’ದ ಎರಡರಷ್ಟು ದಿಕ್ಕುಗಳಲ್ಲಿ ಬಾಗಬಲ್ಲದು, ‘ನ’ ಸಾಲುಗಳ ಪರ್ಮನೆಂಟಿನ ಮೇಲ್ಮೈಯಲ್ಲಾದರೋ ಸುಮಾರು ‘ನ’ದ ವರ್ಗದಷ್ಟು ದಿಕ್ಕುಗಳಲ್ಲಿ ಬಾಗುವ ಬಿಂದುವಿದೆ. ಹಾಗಾಗಿ ‘ನ’ ಸಾಲುಗಳ ಪರ್ಮನೆಂಟನ್ನು ‘ಮ’ ಸಾಲುಗಳ ಡಿಟರ್ಮಿನೆಂಟಾಗಿ ಬರೆಯಬೇಕಾದರೆ ‘ಮ’ ಕನಿಷ್ಠ ‘ನ’ದ ವರ್ಗದ ಅರ್ಧದಷ್ಟಾದರೂ ಇರಲೇಬೇಕೆಂದು 2004ರಲ್ಲಿ ಗಣಿತಜ್ಞರಾದ ಮಿನ್ಯೋಂ ಮತ್ತು ರೆಸೈರ್ ಸಾಧಿಸಿದರು. ಸಾಧನೆ ಚೊಕ್ಕವಾದದ್ದೇ, ಆದರೆ ‘ಮ’ ‘ನ’ದ ಯಾವುದೇ ಘಾತಕ್ಕಿಂತ ವೇಗವಾಗಿ ಬೆಳೆಯುತ್ತದೆಂದು ತೋರಿಸಬೇಕಾದ ಗುರಿಗೆ ಅದು ಸಾಲದು.

ಕೇತನ್ ಮುಲ್ಮುಲೆ ಮತ್ತು ಮಿಲಿಂದ್ ಸೊಹೋನಿ 2001ರಲ್ಲಿ ಆರಂಭಿಸಿದ ಯೋಜನೆ ಇನ್ನೂ ಆಳಕ್ಕಿಳಿದು, ಪರ್ಮನೆಂಟನ್ನು ಚಿಕ್ಕ ಡಿಟರ್ಮಿನೆಂಟಾಗಿ ಬರೆಯಲು ಬಿಡದ ತಡೆಗಳನ್ನು ಈ ಬಹುಪದಗಳ ಸಮಮಿತಿಯಲ್ಲೇ ಹುಡುಕುತ್ತದೆ. ಅವುಗಳಲ್ಲಿ ಅತಿ ಸರಳ ಬಗೆಯ ತಡೆ ಸಾಲದೆಂದು 2016ರಲ್ಲಿ ಸಿದ್ಧವಾಯಿತು. ಹೆಚ್ಚು ಸೂಕ್ಷ್ಮವಾದ ತಡೆಗಳ ದಾರಿ ತೆರೆದೇ ಇದೆ.