ವಿಕರ್ ಇಲ್ಲದ ವರ್ಷ: ನಮ್ಮ ಹಳ್ಳಿ ಚರ್ಚಿನ ಲಾಗ್

ಅಕ್ಟೋಬರ್ 2024

ಸೆಪ್ಟೆಂಬರ್ ಕೊನೆಗೆ ನಮ್ಮ ವಿಕರ್, ಅಂದ್ರೆ ನಮ್ಮ ಸಭೆಯ ಪಾದ್ರಿ, ರಿಟೈರ್ ಆದ್ರು. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಪಾದ್ರಿಗಳಿಗೆ 70 ವರ್ಷಕ್ಕೆ ರಿಟೈರ್‌ಮೆಂಟು, ಹಾಗಾಗಿ ಎಲ್ಲರಿಗೂ ಮುಂಚೆನೇ ಗೊತ್ತಿದ್ದ ವಿಷಯ, ಆದ್ರೆ ಹೊಸಬರು ಬರೋಕೆ ಇಲ್ಲಿ ಸುಮಾರು ಒಂದು ವರ್ಷ ಹಿಡಿಯೋದು ಮಾಮೂಲು, ಅಲ್ಲಿವರೆಗೂ ಚರ್ಚನ್ನ ನಡೆಸಬೇಕಾದೋರು ಊರಿನ ಸಾಮಾನ್ಯ ಸಭಿಕರೇ. ಇಬ್ಬರು ಚರ್ಚ್‌ವಾರ್ಡನ್‌ಗಳಲ್ಲಿ, ಅಂದ್ರೆ ಚರ್ಚನ್ನ ನೋಡ್ಕೊಳ್ಳೋಕೆ ಊರವರು ಆರಿಸಿದ ಸಭಿಕರಲ್ಲಿ, ನಾನೊಬ್ಳು. ಊರು ನಾರ್ಥಾಂಪ್ಟನ್‌ಶೈರ್‌ನ ಒಂದು ಹಳ್ಳಿ, ಡಯಾಸಿಸ್ (ಬಿಷಪ್ ನೋಡ್ಕೊಳ್ಳೋ ಪ್ರಾಂತ) ಪೀಟರ್‌ಬರೊ, ಚರ್ಚು 13ನೇ ಶತಮಾನದ್ದು, ಕಂದು ಬಣ್ಣದ ಐರನ್‌ಸ್ಟೋನ್ ಕಲ್ಲಿನ ಗೋಡೆ, ಮೇಲೆ ಎತ್ತರದ ಚೂಪು ಗೋಪುರ.

ತುಮಕೂರು ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು ಇಲ್ಲಿ ವಾರ್ಡನ್ ಹೇಗಾದ್ಲು ಅಂತ ಮನೆ ಕಡೆಯವರು ಕೇಳ್ತಿರ್ತಾರೆ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಶುರುವಾದ ನಮ್ಮ ಸಿಎಸ್‌ಐಗೂ ಇಲ್ಲಿನ ಆಂಗ್ಲಿಕನ್ ಸಭೆಗೂ ಪೂರ್ತಿ ಸಹಭಾಗಿತ್ವ ಇದೆ, ದೀಕ್ಷಾಸ್ನಾನ ಆಗಿರಬೇಕು, ಇಲ್ಲಿ ವಾಸ ಇರಬೇಕು ಇಲ್ಲಾಂದ್ರೆ ಆರು ತಿಂಗಳು ತಪ್ಪದೆ ಬಂದಿರಬೇಕು, ಎಲೆಕ್ಟೋರಲ್ ರೋಲ್‌ಗೆ, ಅಂದ್ರೆ ಚರ್ಚಿನ ಮತದಾರರ ಪಟ್ಟಿಗೆ, ಹೆಸರು ಸೇರುತ್ತೆ, ಆಮೇಲೆ ವಾರ್ಷಿಕ ಸಭೆಯಲ್ಲಿ ಊರವರು ಆರಿಸಿದ್ರೆ ಆಯ್ತು.

ಈ ಲಾಗ್ ಇಡ್ತಿರೋದು ಒಂದೇ ಗುರಿಗೆ: ಹೊಸ ವಿಕರ್ ಬರೋವರೆಗೂ ಒಂದು ಭಾನುವಾರನೂ ನಮ್ಮ ಚರ್ಚಿನ ಬಾಗಿಲು ಮುಚ್ಚಿರಬಾರದು. ನಮ್ಮ ಬೆನಿಫಿಸ್‌ನಲ್ಲಿ, ಅಂದ್ರೆ ಒಬ್ಬ ವಿಕರ್ ನೋಡ್ಕೊಳ್ಳೋ ಗುಂಪಲ್ಲಿ, ಐದು ಹಳ್ಳಿ ಚರ್ಚುಗಳಿವೆ, ಹೋದ ತಿಂಗಳ ಮೀಟಿಂಗಲ್ಲಿ ಒಬ್ಬರು, ಪಾದ್ರಿ ಸಿಕ್ಕ ವಾರ ಎಲ್ಲರೂ ಒಂದೇ ಕಡೆ ಸೇರೋಣ, ಮಿಕ್ಕ ನಾಲ್ಕು ಬೀಗ ಹಾಕಿರಲಿ ಅಂದ್ರು. ಕಾರು ಇರೋರಿಗೆ ಸರಿ. ನಮ್ಮೂರಿಗೆ ಭಾನುವಾರ ಬಸ್ಸೇ ಇಲ್ಲ, ಎಂಬತ್ತು ದಾಟಿದೋರು ಹೇಗೆ ಹೋಗ್ತಾರೆ. ಮತ್ತೆ ನನಗೆ ಇನ್ನೊಂದು ಕಾರಣನೂ ಇದೆ, ನಮ್ಮ ತಾತ ಊರಲ್ಲಿ ಉಪದೇಶಿ ಆಗಿದ್ರು, ಅಯ್ಯನೋರಿಗೆ, ಅಂದ್ರೆ ಪಾದ್ರಿಗೆ, ಸುತ್ತಲ ಹಳ್ಳಿಗಳನ್ನೆಲ್ಲ ನೋಡ್ಬೇಕಿತ್ತು, ತಿಂಗಳಿಗೊಂದು ಸಲ ಪ್ರಭುಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚೋ ಆರಾಧನೆ, ಅದನ್ನ ಪಾದ್ರಿಯೇ ನಡೆಸಬೇಕು) ಬರೋರು, ಮಿಕ್ಕ ಭಾನುವಾರ ತಾತನೇ ಆರಾಧನೆ ನಡೆಸೋರು, ಅದನ್ನ ಯಾರೂ ಅರ್ಧ ಆರಾಧನೆ ಅಂತ ನೋಡ್ತಿರಲಿಲ್ಲ. ಇಲ್ಲಿ ಪಾದ್ರಿ ಇಲ್ದಿದ್ರೆ ಸರ್ವಿಸೇ ಇಲ್ಲ ಅನ್ನೋ ಭಾವನೆ ಹಲವರಿಗಿದೆ, ಅದು ಬದಲಾಗ್ಬೇಕು ಅನ್ನೋದು ನನ್ನ ಆಸೆ.

ರೋಟಾ, ಅಂದ್ರೆ ಸರದಿ ಪಟ್ಟಿ, ಹೀಗೆ ಹಾಕಿದೀವಿ. ಮೊದಲನೇ ಭಾನುವಾರ ಬಿಷಪ್ ಅನುಮತಿ ಇರೋ ಒಬ್ಬ ರಿಟೈರ್ಡ್ ಪಾದ್ರಿ ಬಂದು ಪ್ರಭುಭೋಜನ ಕೊಡ್ತಾರೆ, ಎರಡನೇದು ನಮ್ಮ ರೀಡರ್ (ಪಾದ್ರಿಯಲ್ಲದ, ಆರಾಧನೆ ನಡೆಸೋ ಅನುಮತಿ ಇರೋ ಸಭಿಕರು) ಮಾರ್ನಿಂಗ್ ಪ್ರೇಯರ್ ನಡೆಸಿ ಪ್ರಸಂಗ ಮಾಡ್ತಾರೆ, ಮೂರನೇದು ಪಕ್ಕದ ಪ್ಯಾರಿಷ್ ಪಾದ್ರಿ ತಮ್ಮ ಸರ್ವಿಸ್ ಮುಗಿಸ್ಕೊಂಡು ಹನ್ನೊಂದೂಕಾಲಿಗೆ ಬರ್ತಾರೆ, ನಾಲ್ಕನೇದು ನಾವು ವಾರ್ಡನ್‌ಗಳು. ಐದನೇ ಭಾನುವಾರ ಬಂದ್ರೆ ಐದೂ ಊರಿನೋರು ಸೇರೋ ಜಂಟಿ ಸರ್ವಿಸ್, ಆದ್ರೆ ಆವತ್ತೂ ನಮ್ಮಲ್ಲಿ ಯಾರಾದ್ರೂ ಒಬ್ಬರು ಹತ್ತು ಗಂಟೆಗೆ ಬಾಗಿಲು ತೆಗೆದು ಕೀರ್ತನೆ ಓದಿ ಪ್ರಾರ್ಥನೆ ಮಾಡೋದು ಅಂತ ಒಪ್ಪಿಸಿದೀನಿ.

ವಿಕರ್ ಹೊರಡೋ ಮುಂಚೆ ಅವರ ಜೊತೆ ವೆಸ್ಟ್ರಿಯಲ್ಲಿ (ಚರ್ಚಿನ ಪಕ್ಕದ ಪಾದ್ರಿ ಕೋಣೆ) ಕೂತು ಒಂದು ಲಾಂಗ್ ನೋಟ್‌ಬುಕ್ ತುಂಬಿಸಿದ್ವಿ. ಯಾವ ಬೀಗದ ಕೈ ಯಾವುದಕ್ಕೆ, ಚರ್ಚನ್ನ ಬೆಚ್ಚಗಿಡೋ ಬಾಯ್ಲರ್‌ನ ಟೈಮರ್ ಯಾಕೆ ಒಂದು ಗಂಟೆ ಮುಂದಿದೆ, ಆರ್ಗನ್ ಟ್ಯೂನ್ ಮಾಡೋರು ಯಾರು, ಯಾವ ಮನೆಯವರ ಅಸ್ಥಿ ಹೂಳೋದು ಯಾವ ತಿಂಗಳಿಗೆ ಅಂತ ಮಾತಾಗಿದೆ, ವೈನ್ ಎಲ್ಲಿಂದ ತರಿಸೋದು, ಪ್ರಭುಭೋಜನದ ತೆಳು ರೊಟ್ಟಿಯ (ವೇಫರ್) ಡಬ್ಬ ಎಲ್ಲಿ. ಇಂಥ ಪುಸ್ತಕ ಎಲ್ಲಾ ಸಭೆಯಲ್ಲೂ ಇರಬೇಕು, ಪಾದ್ರಿ ಇರುವಾಗಲೇ.

ನವೆಂಬರ್

ಎಲೆ ಉದುರಿ ಮುಗಿದ್ಮೇಲೆ ಗಟರ್ ಕ್ಲೀನಿಂಗ್. ಕೆಳಗಿನ ಮಟ್ಟದ್ದು ನಾವೇ ಏಣಿ ಹಾಕಿ ಮಾಡಿದ್ವಿ, ಇಬ್ಬರು ಏಣಿ ಹಿಡ್ಕೊಂಡು ಒಬ್ಬರು ಮೇಲೆ, ಮೇಲಿನದಕ್ಕೆ ಕೂಲಿ ಕೊಟ್ಟು ಜನ ಕರೆಸಿದ್ವಿ. ಉತ್ತರ ದಿಕ್ಕಿನ ಪೈಪಿನ ಬಾಯಲ್ಲಿ ಪಾರಿವಾಳದ ಗೂಡು, ಕೊಳೆತ ಎಲೆ, ಒಂದು ಟೆನಿಸ್ ಬಾಲು, ಎಲ್ಲಾ ಸೇರಿ ಗಟ್ಟಿಯಾಗಿ ಕೂತಿತ್ತು, ಅದರ ಕೆಳಗೇ ಒಳಗೋಡೆಯಲ್ಲಿ ಸುಣ್ಣ ಉಬ್ಬಿ ಹಸಿರು ಕಟ್ಟಿರೋದು. ತೆಗೆದ ತಕ್ಷಣ ಮೇಲಿಂದ ಒಂದು ಬಕೆಟ್ ನೀರು ಬಿಟ್ಟು ನೋಡಿದ್ವಿ, ಸಲೀಸಾಗಿ ಇಳೀತು, ಬಹಳ ಸಮಾಧಾನ ಆಯ್ತು. ಐದು ವರ್ಷಕ್ಕೊಮ್ಮೆ ಆರ್ಕಿಟೆಕ್ಟ್ ಬಂದು ಕಟ್ಟಡ ನೋಡಿ ರಿಪೋರ್ಟ್ ಕೊಡಬೇಕು ಅಂತ 1955ರಿಂದ ಕಾನೂನಿದೆ, ನಮ್ಮ ಹಿಂದಿನ ರಿಪೋರ್ಟಲ್ಲಿ ಮೊದಲ ಸಾಲೇ ಗಟರ್ ಬಗ್ಗೆ. 1877ರಲ್ಲಿ ವಿಲಿಯಂ ಮಾರಿಸ್ ಹಳೇ ಕಟ್ಟಡ ಉಳಿಸೋ ಸೊಸೈಟಿ ಕಟ್ಟಿದಾಗ ಹೇಳಿದ್ದೂ ಅದೇ, ದೊಡ್ಡ ರಿಪೇರಿಗಿಂತ ದಿನದಿನದ ಆರೈಕೆ ಮುಖ್ಯ ಅಂತ. ವಿಕರ್ ಇಲ್ಲದ ಕಾಲದಲ್ಲಿ ಮೊದಲು ಮರೆತುಹೋಗೋದು ಇಂಥ ಕೆಲಸನೇ, ಯಾಕಂದ್ರೆ ಇದು ಭಾನುವಾರ ಯಾರ ಕಣ್ಣಿಗೂ ಬೀಳಲ್ಲ.

10ನೇ ತಾರೀಖು ರಿಮೆಂಬ್ರೆನ್ಸ್ ಸಂಡೆ, ಯುದ್ಧದಲ್ಲಿ ಸತ್ತವರನ್ನ ನೆನೆಯೋ ಭಾನುವಾರ. ವರ್ಷದಲ್ಲಿ ಊರಿಗೆ ಊರೇ ಬರೋ ದಿನ ಇದು, ಚರ್ಚಿಗೆ ಎಂದೂ ಕಾಲಿಡದವರೂ ಕೋಟಿಗೆ ಕೆಂಪು ಪಾಪ್ಪಿ ಚುಚ್ಕೊಂಡು ಬಂದು ನಿಲ್ತಾರೆ. ನಮ್ಮ ರೀಡರ್ ನಡೆಸಿದ್ರು. ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರನ್ನ ಕಲ್ಲಿನ ಮೇಲಿರೋ ಕ್ರಮದಲ್ಲೇ ಇನ್ನೊಬ್ಬ ವಾರ್ಡನ್ ಓದಿದ್ರು, ಒಂದೇ ಮನೆತನದ ಹೆಸರು ಎರಡು ಸಲ ಬರುತ್ತೆ, ಆ ಮನೆತನದೋರು ಇವತ್ತಿಗೂ ಊರಲ್ಲಿದ್ದಾರೆ, ಮುಂದಿನ ಸಾಲಲ್ಲೇ ಕೂತಿದ್ರು. ಹನ್ನೊಂದಕ್ಕೆ ಲಾಸ್ಟ್ ಪೋಸ್ಟ್ ಅನ್ನೋ ಕಹಳೆ ರಾಗ, ಆಮೇಲೆ ಎರಡು ನಿಮಿಷ ಮೌನ. ಸರ್ವಿಸ್ ಮುಗಿದ್ಮೇಲೆ ಒಬ್ಬ ಹಿರಿಯರು ಬಂದು, ಈ ವರ್ಷ ಇರುತ್ತೋ ಇಲ್ವೋ ಅಂದ್ಕೊಂಡಿದ್ದೆ ಅಂದ್ರು. ಇದ್ದೇ ಇರುತ್ತೆ ಅಂದೆ.

ಡಿಸೆಂಬರ್

ಕ್ರಿಸ್ಮಸ್ ಬಗ್ಗೆ ಎಲ್ಲರಿಗೂ ಗಾಬರಿ ಇತ್ತು, ಕೂತು ಲೆಕ್ಕ ಹಾಕಿದಾಗ ಗೊತ್ತಾಯ್ತು, ಬರೋ ಜನದಲ್ಲಿ ಬಹುಪಾಲು ಬರೋದು ಪಾದ್ರಿ ಬೇಕೇ ಬೇಕು ಅನ್ನೋ ಸರ್ವಿಸ್‌ಗಳಿಗಲ್ಲ. ಒಂಬತ್ತು ಪಾಠ ಮತ್ತು ಕ್ಯಾರಲ್‌ಗಳ (ಕ್ರಿಸ್ಮಸ್ ಹಾಡುಗಳ) ಆರಾಧನೆ 1880ರಲ್ಲಿ ಕಾರ್ನ್‌ವಾಲ್‌ನ ಟ್ರೂರೊದಲ್ಲಿ ಶುರುವಾಗಿ 1918ರಿಂದ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿಂದ ಪ್ರಪಂಚಕ್ಕೆಲ್ಲ ಹರಡ್ತು, ಅದರಲ್ಲಿ ಇರೋದು ವಾಕ್ಯ ಓದೋದು, ಹಾಡೋದು, ಪ್ರಾರ್ಥನೆ ಅಷ್ಟೇ. ಒಂಬತ್ತು ಓದುಗರನ್ನ ಊರಿಂದಲೇ ಆರಿಸಿದ್ವಿ: ಸ್ಕೂಲಿನ ಒಂದು ಮಗು, ಪೋಸ್ಟ್ ಹಾಕೋರು, ಒಬ್ಬ ರೈತರು, ಪಬ್ ನಡೆಸೋರು. ಆಂಬ್ಯುಲೆನ್ಸ್ ಓಡಿಸೋ ಒಬ್ಬರು ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬಂದು ಲೂಕನ ಸುವಾರ್ತೆಯ ಕುರುಬರ ಭಾಗ ಓದಿದ್ರು.

24ರ ಮಧ್ಯರಾತ್ರಿಯ ಪ್ರಭುಭೋಜನಕ್ಕೆ ಮಾತ್ರ ಪಾದ್ರಿ ಸಿಗಲಿಲ್ಲ, ಇರೋ ಒಬ್ಬರನ್ನ ಐದು ಚರ್ಚು ಹಂಚ್ಕೋಬೇಕು. ಸಂಜೆ ಆರೂವರೆಗೆ ಇಟ್ಕೊಂಡ್ವಿ. ವಯಸ್ಸಾದೋರಿಗೆ ಅದೇ ಅನುಕೂಲ ಆಯ್ತು, ಕತ್ತಲಲ್ಲಿ ಜಾರೋ ದಾರಿಯಲ್ಲಿ ರಾತ್ರಿ ಒಂದು ಗಂಟೆಗೆ ಮನೆಗೆ ನಡೆಯೋ ಕಷ್ಟ ಇರಲಿಲ್ಲ. ಹೊಸ ವಿಕರ್ ಬಂದ್ಮೇಲೂ ಇದನ್ನ ಉಳಿಸಿ ಅಂತ ಕೇಳೋಣ ಅಂತಿದೀನಿ.

ಜನವರಿ

ಚಳಿ. ಬಾಯ್ಲರ್ ಶನಿವಾರ ಮಧ್ಯಾಹ್ನ ಹಚ್ಚಿದ್ರೆ ಭಾನುವಾರ ಹೊತ್ತಿಗೆ ಕೋಟು ಹಾಕ್ಕೊಂಡು ಕೂರೋ ಹಾಗಾಗುತ್ತೆ, ಅಷ್ಟೇ. ಖಾಲಿ ವಿಕರೇಜ್‌ನ (ವಿಕರ್ ಮನೆಯ) ಪೈಪ್ ಒಡೀದೇ ಇರ್ಲಿ ಅಂತ ವಾರಕ್ಕೆರಡು ಸಲ ಯಾರಾದ್ರೂ ಹೋಗಿ ನೋಡ್ತೀವಿ.

ಫೆಬ್ರವರಿ

ಲೆಕ್ಕ, ಕೀಲಿ, ರೋಟಾ ಎಲ್ಲಾ ಪುಸ್ತಕದಲ್ಲಿ ಬರೆದು ಇಟ್ಕೋಬಹುದು, ಆದ್ರೆ ಯಾರ ಮನೆಗೆ ಹೋಗಿ ಹತ್ತು ನಿಮಿಷ ಕೂರಬೇಕು ಅನ್ನೋದು ವಿಕರ್ ತಲೆಯಲ್ಲಿತ್ತು. ಇಪ್ಪತ್ತು ವರ್ಷ ಇಲ್ಲೇ ಇದ್ದೋರು ಅವರು, ಯಾರ ಗಂಡ ಯಾವ ತಿಂಗಳಲ್ಲಿ ತೀರ್ಕೊಂಡ್ರು, ಯಾರ ಮಗ ಫೋನ್ ಮಾಡಲ್ಲ, ಎಲ್ಲಾ ಗೊತ್ತಿತ್ತು. ಇದೇ ನಮಗೆ ಅತಿ ಕಷ್ಟದ ಕೆಲಸ, ನನ್ನ ಪ್ರಕಾರ ಅತಿ ಮುಖ್ಯದ್ದೂ ಇದೇ. ಹಾಗಾಗಿ ಈ ತಿಂಗಳು ಆರು ಜನ ಸೇರಿ ಬೀದಿ ಬೀದಿ ಹಂಚ್ಕೊಂಡ್ವಿ. ಸೇಫ್‌ಗಾರ್ಡಿಂಗ್ ಟ್ರೈನಿಂಗು (ಮಕ್ಕಳು, ದುರ್ಬಲರ ಸುರಕ್ಷತೆ ಬಗ್ಗೆ), ಡಿಬಿಎಸ್ ಅನ್ನೋ ಅಪರಾಧ ದಾಖಲೆ ಪರಿಶೀಲನೆ ಆಗಿರೋರು ಮಾತ್ರ, ಅದರಲ್ಲಿ ರಾಜಿ ಇಲ್ಲ.

ನನ್ನ ಪಾಲಿಗೆ ಬಂದೋರಲ್ಲಿ ಒಬ್ಬ ಅಜ್ಜಿ ಇದ್ದಾರೆ, ಸೊಂಟ ಮುರಿದ್ಮೇಲೆ ಮನೆ ಬಿಟ್ಟು ಬರಕ್ಕಾಗಲ್ಲ. ಪಾದ್ರಿ ಪವಿತ್ರೀಕರಿಸಿದ ರೊಟ್ಟಿಯನ್ನ ಅನುಮತಿ ಇರೋ ನಮ್ಮಂಥವರು ಮನೆಗೆ ಒಯ್ಯಬಹುದು, ಸಣ್ಣ ಬೆಳ್ಳಿ ಡಬ್ಬಿಯಲ್ಲಿ ಇಟ್ಕೊಂಡು ಹೋಗ್ತೀನಿ. ಅವರು ಮೊದಲೇ ಕಿಟಕಿ ಪಕ್ಕದ ಟೇಬಲ್ಲು ಒರೆಸಿ ಇಸ್ತ್ರಿ ಮಾಡಿದ ಬಿಳೀ ಕರ್ಚೀಫು ಹಾಸಿರ್ತಾರೆ, ಕನ್ನಡಕ ಹಾಕಲ್ಲ, 1662ರ ಪ್ರಾರ್ಥನೆ ಪುಸ್ತಕದ ಮಾತೆಲ್ಲಾ ಬಾಯಿಪಾಠ, ನಾನು ಹೊಸ ಪುಸ್ತಕ ನೋಡ್ಕೊಂಡು ಓದುವಾಗ ಅವರು ಹಳೇ ಮಾತಲ್ಲೇ ನನಗಿಂತ ಸ್ವಲ್ಪ ಮುಂದೆ ಹೋಗಿರ್ತಾರೆ. ಈಗ ಹಳೇ ಪುಸ್ತಕನೇ ಒಯ್ತೀನಿ. ಮುಗಿದ್ಮೇಲೆ ಟೀ, ಆಮೇಲೆ ಊರಿನ ಸುದ್ದಿ, ಯಾರಿಗೆ ಹುಷಾರಿಲ್ಲ ಅನ್ನೋದು ಅವರಿಂದಲೇ ನನಗೆ ಗೊತ್ತಾಗೋದು.

ಮಾರ್ಚ್

ನೇಮಕದ ಕೆಲಸ ಶುರು. 1986ರ ಪೇಟ್ರನೇಜ್ ಕಾನೂನಿನ ಪ್ರಕಾರ ಪಿಸಿಸಿ, ಅಂದ್ರೆ ನಮ್ಮ ಕಡೆಯ ಪಾಸ್ಟರೇಟ್ ಕಮಿಟಿ ಥರದ್ದು, ಒಂದು ವಿಶೇಷ ಸಭೆ ಮಾಡ್ಬೇಕು, ಅದಕ್ಕೆ ಹಳೇ ವಿಕರ್ ಆಗಲಿ ಪೇಟ್ರನ್ (ಹೊಸ ವಿಕರ್ ಹೆಸರು ಸೂಚಿಸೋ ಹಕ್ಕಿರೋರು) ಆಗಲಿ ಬರೋ ಹಾಗಿಲ್ಲ. ಅಲ್ಲಿ ಸಭೆಯ ಸ್ಥಿತಿಗತಿ, ಅಗತ್ಯ, ರೂಢಿ ಏನು ಅಂತ ಬರೆದು ಒಪ್ಪಬೇಕು, ಪ್ರತಿನಿಧಿಗಳನ್ನ ಆರಿಸಬೇಕು. ನಮ್ಮ ಪೇಟ್ರನ್ ಒಂದು ಕೇಂಬ್ರಿಡ್ಜ್ ಕಾಲೇಜು, ಹೆಸರು ಸೂಚಿಸೋದು ಅವರು, ಆದ್ರೆ ನಮ್ಮ ಪ್ರತಿನಿಧಿಗಳು ಹೂಂ ಅನ್ನದೆ ಸಾಮಾನ್ಯವಾಗಿ ನೇಮಕ ಮುಂದೆ ಹೋಗಲ್ಲ. ಸಣ್ಣ ಹಳ್ಳಿಗೂ ಇಷ್ಟು ಹಕ್ಕು ಇರೋದು ನನಗೆ ತುಂಬಾ ಇಷ್ಟ ಆಯ್ತು.

ಪ್ರೊಫೈಲ್, ಅಂದ್ರೆ ಅರ್ಜಿ ಹಾಕೋರಿಗೆ ನಮ್ಮ ಸಭೆಯ ಪರಿಚಯ, ಬರೆಯುವಾಗ ಸ್ವಲ್ಪ ವಾದ ಆಯ್ತು. ಕೆಲವರಿಗೆ ಚಂದದ ಫೋಟೋ, ಸ್ಪೈರು, ಹೂವು, ನಗೋ ಮಕ್ಕಳು ಬೇಕು. ನಾನು ಮತ್ತೆ ಟ್ರೆಷರರ್ ನಿಜ ಬರೀಬೇಕು ಅಂದ್ವಿ, ಭಾನುವಾರ ಮೂವತ್ತು ಜನ ಅಂದ್ರೆ ಮೂವತ್ತು, ಡಯಾಸಿಸ್‌ಗೆ ಕೊಡಬೇಕಾದ ಪ್ಯಾರಿಷ್ ಷೇರ್ ಪೂರ್ತಿ ಕಟ್ಟಕ್ಕಾಗಿಲ್ಲ ಅಂದ್ರೆ ಆಗಿಲ್ಲ, ಜೊತೆಗೆ ಪಾದ್ರಿ ಇಲ್ದೇನೂ ಏನೇನು ನಡೀತಿದೆ ಅನ್ನೋದನ್ನೂ ಬರೀಬೇಕು, ಬರೋರಿಗೆ ಯಾವುದನ್ನ ತಾವೇ ಹೊತ್ಕೋಬೇಕಾಗಿಲ್ಲ ಅನ್ನೋದು ಗೊತ್ತಾಗ್ಲಿ. ಕೊನೆಗೆ ಹಾಗೇ ಆಯ್ತು, ಸ್ಪೈರಿನ ಫೋಟೋನೂ ಇದೆ.

ಮೇ

ಇದು ಹೊಸ ಎಲೆಕ್ಟೋರಲ್ ರೋಲ್ ವರ್ಷ, ಆರು ವರ್ಷಕ್ಕೊಮ್ಮೆ ಹಳೇದನ್ನ ಬಿಟ್ಟು ಎಲ್ಲರೂ ಹೊಸದಾಗಿ ಅರ್ಜಿ ತುಂಬಬೇಕು. ಮನೆ ಮನೆಗೆ ಫಾರಂ ಒಯ್ದಿದ್ದು ಫೆಬ್ರವರಿಯ ಬೀದಿ ಗುಂಪಿನವರೇ. ವಾರ್ಷಿಕ ಸಭೆಯೂ ಮುಗೀತು, ಮೇ 31ರೊಳಗೆ ಆಗ್ಲೇಬೇಕು, ಇಬ್ಬರೂ ವಾರ್ಡನ್‌ಗಳು ಮತ್ತೆ ಆಯ್ಕೆ ಆದ್ವಿ.

ಮೊದಲ ಜಾಹೀರಾತಿಗೆ ಒಂದು ಅರ್ಜಿನೂ ಬರಲಿಲ್ಲ. ಬೇಜಾರಾಗಿದೆ, ಸಭೆಯಲ್ಲಿ ಅದನ್ನ ಹೇಳುವಾಗ ಯಾರೂ ಮಾತಾಡ್ಲಿಲ್ಲ. ಹಳ್ಳಿ ಬೆನಿಫಿಸ್‌ಗಳಿಗೆ ಇದು ಅಪರೂಪ ಅಲ್ಲ, ಒಬ್ಬರು ಐದು ಚರ್ಚು ಅಂದಾಗ ಯಾರಿಗಾದ್ರೂ ಹಿಂಜರಿಕೆ ಆಗುತ್ತೆ. ಬಿಷಪ್ ಆಫೀಸಿನವರು ಎರಡನೇ ಸಲ ಹಾಕೋಣ ಅಂದಿದ್ದಾರೆ.

ಈ ಮಧ್ಯೆ ಮದುವೆ ಸೀಸನ್. ಬ್ಯಾನ್ಸ್, ಅಂದ್ರೆ ಮದುವೆ ಪ್ರಕಟಣೆಯನ್ನ ಮೂರು ಭಾನುವಾರ ಓದಬೇಕು, ಪಾದ್ರಿ ಇಲ್ಲದ ಮಾರ್ನಿಂಗ್ ಪ್ರೇಯರಲ್ಲಿ ಅನುಮತಿ ಇರೋ ಸಭಿಕರು ಓದಿದ್ರೂ ಕಾನೂನು ಒಪ್ಪುತ್ತೆ. ನಾನು ಓದಿದೆ. ಹುಡುಗ ಹುಡುಗಿ ಹಿಂದಿನ ಬೆಂಚಲ್ಲಿ ಕೈ ಹಿಡ್ಕೊಂಡು ಕೂತಿದ್ರು.

ಜೂನ್ 2025

8ನೇ ತಾರೀಖು ಪೆಂತೆಕೊಸ್ತ್, ಶಿಷ್ಯರು ಪವಿತ್ರಾತ್ಮ ಬಂದು ಬೇರೆ ಬೇರೆ ಭಾಷೆ ಮಾತಾಡಿದ್ದನ್ನ ನೆನೆಯೋ ಹಬ್ಬ. ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯವನ್ನ ಬೇರೆ ಬೇರೆ ಭಾಷೆಯಲ್ಲಿ ಓದೋಣ ಅಂತ ರೀಡರ್ ಹೇಳಿದ್ರು, ಪೋಲಿಷ್ ಒಬ್ಬರು, ಫ್ರೆಂಚ್ ಒಬ್ಬರು, ನಾನು ಕನ್ನಡ. ಅಮ್ಮ ಕೊಟ್ಟು ಕಳಿಸಿದ ಸತ್ಯವೇದದಿಂದಲೇ ಓದಿದೆ. ಈ ಕಟ್ಟಡದಲ್ಲಿ ಕನ್ನಡ ಓದಿದ್ದು ಅದೇ ಮೊದಲಿರಬೇಕು. ಆ ದಿನವೂ ಪಾದ್ರಿ ಇರಲಿಲ್ಲ. ಪಾಪಕ್ಷಮೆ ಘೋಷಿಸೋದು, ಕೈಯೆತ್ತಿ ಆಶೀರ್ವಾದ ಕೊಡೋದು ಪಾದ್ರಿಯ ಕೆಲಸ, ಹಾಗಾಗಿ ರೀಡರ್ ಅದರ ಬದಲು ಟ್ರಿನಿಟಿ ಹಬ್ಬ ಆದ್ಮೇಲಿನ 21ನೇ ಭಾನುವಾರದ ಪ್ರಾರ್ಥನೆ ಓದ್ತಾರೆ, ಕ್ಷಮೆಯನ್ನೂ ಸಮಾಧಾನವನ್ನೂ ಬೇಡೋ ಪ್ರಾರ್ಥನೆ ಅದು, ಕೊನೆಗೆ ಎಲ್ಲರೂ ಒಟ್ಟಿಗೆ ಗ್ರೇಸ್ ಅನ್ನೋ ಮುಕ್ತಾಯದ ಪ್ರಾರ್ಥನೆ ಹೇಳ್ತೀವಿ. ಅಕ್ಟೋಬರಲ್ಲಿ ಇಂಥ ವಾರ ಬರೋದು ಬಿಟ್ಟಿದ್ದ ಒಬ್ಬ ದಂಪತಿ ಈಗ ತಪ್ಪದೆ ಬರ್ತಿದ್ದಾರೆ, ಅವರಲ್ಲಿ ಹೆಂಡತಿ ಮುಂದಿನ ತಿಂಗಳಿಂದ ಮಧ್ಯಸ್ಥಿಕೆ ಪ್ರಾರ್ಥನೆ (ಬೇರೆಯವರಿಗಾಗಿ ಬೇಡೋದು) ನಡೆಸೋಕೆ ಒಪ್ಪಿದ್ದಾರೆ.

ಇಲ್ಲಿವರೆಗೂ ಬಾಗಿಲು ಒಂದು ಭಾನುವಾರನೂ ಮುಚ್ಚಿಲ್ಲ.

ಎರಡನೇ ಜಾಹೀರಾತಿಗೆ ಅರ್ಜಿ ಬಂದಿದೆ, ಜುಲೈಯಲ್ಲಿ ಇಂಟರ್‌ವ್ಯೂ, ಬರೋರಿಗೆ ಐದೂ ಚರ್ಚು ತೋರಿಸಿ ನಮ್ಮಲ್ಲಿ ಮಧ್ಯಾಹ್ನದ ಊಟ. ಆಯ್ಕೆ ಆದ್ರೂ ಈಗಿರೋ ಸಭೆಗೆ ಮೂರು ತಿಂಗಳು ನೋಟಿಸ್ ಕೊಟ್ಟು ಬರಬೇಕು, ಅಂದ್ರೆ ನವೆಂಬರ್‌ವರೆಗಾದ್ರೂ ರೋಟಾ ನಮ್ಮದೇ. ಅದನ್ನ ಈ ವಾರ ಹಾಕ್ತಿದೀವಿ. ಆಗಸ್ಟಲ್ಲಿ ರೀಡರ್ ರಜೆ, ರಿಟೈರ್ಡ್ ಪಾದ್ರಿಗೆ ಕಣ್ಣಿನ ಆಪರೇಷನ್, ಅಲ್ಲಿ ಎರಡು ಭಾನುವಾರ ಹೆಸರಿಲ್ಲದೆ ಖಾಲಿ ಇದೆ. ಒಂದನ್ನ ನಾನು ತಗೋತೀನಿ. ಇನ್ನೊಂದಕ್ಕೆ, ಕ್ಯಾರಲ್ ಸರ್ವಿಸಲ್ಲಿ ಓದಿದ ಆಂಬ್ಯುಲೆನ್ಸ್ ಡ್ರೈವರ್‌ನ ಕೇಳ್ಬೇಕು, ಅವರ ಶಿಫ್ಟ್ ಪಟ್ಟಿ ಶುಕ್ರವಾರ ಬರುತ್ತಂತೆ.