ಡಿಗ್ರಿ ಕಮ್ಮಿ ಬಂದ ದಿನ

ನಮ್ಮೂರಲ್ಲಿ ಹಾಲಿನ ಸಂಘಕ್ಕೆ ಯಾರೂ ಸಂಘ ಅನ್ನುವುದಿಲ್ಲ, ಡೈರಿ ಅಂತಲೇ ಕರೆಯುವುದು. ಮಂಡ್ಯ ಕಡೆಯ ಎಷ್ಟೋ ಊರುಗಳ ಹಾಗೆ ಅಲ್ಲೂ ಎರಡು ಹೊತ್ತು ಕ್ಯಾನುಗಳ ಸಾಲು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೆಳಗಿನ ಹಾಲು ಹಾಕಿ ಬರುವುದು ನನ್ನ ಕೆಲಸ. ನಮ್ಮದು ಒಂದೇ ಸೀಮೆ ಹಸು, ಹೊತ್ತಿಗೆ 5 ಲೀಟರ್.

ಆವತ್ತು ರಾತ್ರಿಯೆಲ್ಲ ಮಳೆ ಬಂದಿತ್ತು. ಓಣಿಯಲ್ಲಿ ಕಾಲು ಜಾರಿತು. ನಾನೇನೋ ಬೀಳಲಿಲ್ಲ, ಆದರೆ ಮುಚ್ಚಳ ಹಾರಿ ಮುಕ್ಕಾಲು ಲೀಟರಿನಷ್ಟು ಹಾಲು ಕೆಸರಿಗೆ ಹೋಯಿತು. ನಾಯಿಯೊಂದು ಎಲ್ಲಿತ್ತೋ, ಬಂದು ನೆಕ್ಕತೊಡಗಿತು. ಪಕ್ಕದಲ್ಲೇ ಬೋರಿಂಗ್. ಜಾಸ್ತಿ ಯೋಚನೆ ಮಾಡಲಿಲ್ಲ. ಎರಡು ಸಲ ಒತ್ತಿದೆ, ಕ್ಯಾನು ಮೊದಲಿನಷ್ಟೇ ಆಯಿತು.

ಡೈರಿ ಸೆಕ್ರೆಟರಿ ಲ್ಯಾಕ್ಟೋಮೀಟರ್ ಬಿಟ್ಟರು. ಹಾಲಿಗೆ ನೀರು ಬೆರೆತರೆ ಅದರ ಡಿಗ್ರಿ ಇಳಿಯುತ್ತದೆ. ನಮ್ಮ ಹಾಲಿಗೆ ಯಾವಾಗಲೂ 28ರ ಆಸುಪಾಸು ಬರುತ್ತಿತ್ತು. ಆವತ್ತು ಆ ಗಾಜಿನ ಕಡ್ಡಿ ಮುಳುಗಿ, ತೇಲಿ, ಮತ್ತೆ ಮುಳುಗಿ 24ಕ್ಕೆ ನಿಂತಿತು. ಬೇರೆಯವರದ್ದಾಗಿದ್ದರೆ ವಾಪಸ್. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಕರೆದ ಬಿಸಿ ಆರಿಲ್ಲ ಅಂತ ಕಾಣ್ತದೆ, ಅದ್ಕೇ ಕಮ್ಮಿ ತೋರ್ತಾ ಅದೆ. ಹೋಗ್ಲಿ ಬುಡು, ನಿಮ್ಮಪ್ಪನ ಹಾಲಲ್ವಾ" ಅಂದು ಸುರಿಸಿಕೊಂಡರು. ಬಿಸಿ ಹಾಲಿಗೆ ಡಿಗ್ರಿ ಸ್ವಲ್ಪ ಕಮ್ಮಿ ತೋರಿಸುವುದು ನಿಜ. ಇಷ್ಟು ಬೀಳುವುದಿಲ್ಲ ಅಂತ ಅವರಿಗೂ ಗೊತ್ತಿತ್ತು.

ಮನೆಗೆ ಬಂದು, ಡೈರಿಯಲ್ಲಿ ಡಿಗ್ರಿ ಬರೆದುಕೊಟ್ಟ ಕಾರ್ಡನ್ನು ಗೂಡಿನಲ್ಲಿಟ್ಟೆ. ಅಪ್ಪ ತೆಗೆದು ನೋಡಿದ. ನನ್ನನ್ನು ಏನೂ ಕೇಳಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಹಸುವಿನ ಕಿವಿ ಮುಟ್ಟಿದ, ಜ್ವರ ಇದೆಯಾ ಅಂತ. ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಒತ್ತಿ ನೋಡಿದ. "ಹೊಸಾ ಹಿಂಡಿ ಒಗ್ಗಲಿಲ್ವೇನೋ" ಅಂತ ತನ್ನಷ್ಟಕ್ಕೆ ಗೊಣಗಿಕೊಂಡ.

ಹಸುವಿನ ಮೇಲೆ ಅನುಮಾನ ಬಂತು, ನನ್ನ ಮೇಲೆ ಬರಲಿಲ್ಲ. ಅದನ್ನು ತಡೆಯಲಾಗಲಿಲ್ಲ. "ಹಸುಗೇನೂ ಆಗಿಲ್ಲ ಕಣಪ್ಪ" ಅಂದೆ. ಉಳಿದದ್ದು ತಾನಾಗೇ ಬಾಯಿಗೆ ಬಂತು.

ಏಟು ಬೀಳಲಿಲ್ಲ. ಅಪ್ಪ ಹೊಡೆಯದವನೇನಲ್ಲ, ಮಗ್ಗಿ ತಪ್ಪಿದರೇ ಕೈ ಎತ್ತುತ್ತಿದ್ದ. ಹರಿಶ್ಚಂದ್ರನೂ ಅಲ್ಲ. ಸಾಲ ಕೇಳಲು ಬಂದವರಿಗೆ "ಅಪ್ಪ ಊರಲ್ಲಿಲ್ಲ" ಅಂತ ನನ್ನ ಕೈಲೇ ಹೇಳಿಸಿದ್ದುಂಟು. ಆದರೆ ಹಾಲಿನ ವಿಷಯ ಬೇರೆ. ಡೈರಿಯಲ್ಲಿ ಎಲ್ಲರ ಹಾಲೂ ಒಂದೇ ದೊಡ್ಡ ಕ್ಯಾನಿಗೆ ಬೀಳುತ್ತದೆ. ನಮ್ಮ ಬೋರಿಂಗ್ ನೀರು ಊರ ಹಾಲಿಗೆ ಸೇರಿತ್ತು.

ಸಂಜೆ ನನ್ನನ್ನೂ ಕರೆದುಕೊಂಡು ಹೋದ. ಸಾಲಿನಲ್ಲಿ ಹತ್ತಿಪ್ಪತ್ತು ಜನ. "ಬೆಳಿಗ್ಗೆ ನಮ್ಮಾಲಿಗೆ ನೀರು ಬಿದ್ದಿತ್ತು. ಆ ಲೆಕ್ಕ ಹೊಡ್ದಾಕಿ" ಅಂದ. ನಮ್ಮ ಹಾಲು ಅಂದ, ನನ್ನ ಮಗ ಅನ್ನಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ತಿಂಗಳಾನುಗಟ್ಟಲೆ ಅಪ್ಪನನ್ನು ಕಂಡರೆ "ಏನಣ್ಣ, ಬಾವಿ ತುಂಬ್ತಾ?" ಅಂತ ಕೆಣಕುವವರಿದ್ದರು. ಅವನು ಸುಮ್ನೆ ಬೀಡಿ ಹಚ್ಚುತ್ತಿದ್ದ.

ಈಗ ಬೆಂಗಳೂರಲ್ಲಿ ಟವೆಲ್ ಸುತ್ತಿಕೊಂಡು ನಿಂತು, ಫೋನಿನಲ್ಲಿ "ಸಿಲ್ಕ್ ಬೋರ್ಡ್ ಹತ್ರ ಇದ್ದೀನಿ ಸಾರ್, ಟ್ರಾಫಿಕ್ಕು" ಅನ್ನುತ್ತೇನೆ. ಮಗಳು ದೋಸೆ ಮುರಿಯುವುದು ಬಿಟ್ಟು ನನ್ನನ್ನೇ ನೋಡುತ್ತಾಳೆ. ಆಗೆಲ್ಲ ಆ ಹಸುವಿನ ಕಿವಿ ನೆನಪಾಗುತ್ತದೆ.

ಮಾರನೇ ಬೆಳಿಗ್ಗೆ ಅಪ್ಪನೇ ಡೈರಿಗೆ ಹೋಗುತ್ತಾನೆ ಅಂದುಕೊಂಡಿದ್ದೆ. ಹಾಲು ಕರೆದು, ಮುಚ್ಚಳ ಬಿಗಿ ಮಾಡಿ, ಕ್ಯಾನು ನನ್ನ ಕೈಗೇ ಕೊಟ್ಟ. "ಓಣೀಲಿ ಇನ್ನೂ ಕೆಸರದೆ, ಅಂಚಲ್ಲಿ ಹೋಗು."